ಏಳು ಕಣ್ಣು ತಪ್ಪಿಸಿ ಹೋದ ಹಡಗು

ತೊಮ್ಮಾ ಉಬೆನ್ ನಲವತ್ತೆಂಟನೇ ವಯಸ್ಸಿನವರೆಗೆ ಡೇರಿಯ ಹಾಲಿನ ಟ್ಯಾಂಕರ್ ಓಡಿಸಿದವಳು. ನಮ್ಮ ಲೇರ್ ಊರಿನ ಸುತ್ತಲಿನ ಪ್ರತಿ ಕೊಟ್ಟಿಗೆಯ ದಾರಿಯೂ ಅವಳಿಗೆ ಬಾಯಿಪಾಠ. ಒಂದು ಶರತ್ಕಾಲದಲ್ಲಿ ಬಲಗಣ್ಣಿನ ದೃಷ್ಟಿ ಹೋಯಿತು. ಇನ್ನು ಟ್ಯಾಂಕರ್ ಮುಟ್ಟುವಂತಿಲ್ಲ ಎಂದರು ಡಾಕ್ಟರು. ಡೇರಿಯವರು ಆಫೀಸಿನಲ್ಲಿ ಕುರ್ಚಿ ಕೊಟ್ಟರು. ಒಂದು ಚಳಿಗಾಲವಿಡೀ ಅಲ್ಲಿ ಕೂತು, ಬೇರೆಯವರು ತನ್ನ ಟ್ಯಾಂಕರ್ ಓಡಿಸುವುದನ್ನು ಕಿಟಕಿಯಿಂದ ನೋಡಿದಳು. ವಸಂತ ಬರುತ್ತಲೇ ಹಳೆಯ ಸೈಕಲ್ ಒರೆಸಿ, ರೈಲಿಗೆ ಹತ್ತಿಸಿ, ಒಬ್ಬಳೇ ಸಮುದ್ರದ ಕಡೆಗೆ ಹೊರಟುಬಿಟ್ಟಳು.

ವಾಪಸು ಬಂದವಳು ನಮ್ಮ ಬೀದಿಯವರನ್ನು ಸುಮ್ಮನೆ ಬಿಡಲಿಲ್ಲ. "ಎರಡೆರಡು ಕಣ್ಣಿಟ್ಕೊಂಡು ಇಲ್ಲೇ ಕೂತಿದೀರಲ್ಲ, ನಾಚಿಕೆ ಆಗಲ್ವಾ?" ಎಂದಳು. ಅವಳ ಜೊತೆ ಹೊರಟವರು ಮೂವರು: ಪಕ್ಕದ ಮನೆಯ ಹಬ್ಬೊ, ಅವನ ಹೆಂಡತಿ ಗೆಶೆ, ಮತ್ತೆ ನಾನು.

ಜನವರಿಯಲ್ಲೇ ಅವಳ ಅಡುಗೆಮನೆಯ ಮೇಜಿನ ಮೇಲೆ ಬೇಸಿಗೆ ಶುರುವಾಗುತ್ತಿತ್ತು. ಚಹಾದ ಬಟ್ಟಲಲ್ಲಿ ಕಲ್ಲುಸಕ್ಕರೆ ಚಟಪಟ ಅನ್ನುವಾಗ ಅವಳು ನಕಾಶೆ ಬಿಚ್ಚುತ್ತಿದ್ದಳು. ನಮ್ಮ ಕಡೆ ಗಾಳಿ ಬೀಸುವುದು ಹೆಚ್ಚಾಗಿ ಪಶ್ಚಿಮದಿಂದ. ಹಾಗಾಗಿ ಪಶ್ಚಿಮಕ್ಕೆ ರೈಲು, ಪೂರ್ವಕ್ಕೆ ಸೈಕಲ್. ಸೈಕಲ್ ಹತ್ತಿಸುವ ಬೋಗಿ ಪ್ಲಾಟ್‌ಫಾರಂನ ಯಾವ ಕಂಬದ ಎದುರು ನಿಲ್ಲುತ್ತದೆ ಎಂಬುದೂ ಅವಳಿಗೆ ಗೊತ್ತು. ಹನ್ನೆರಡು ಬೇಸಿಗೆ ಒಂದು ರೈಲೂ ತಪ್ಪಲಿಲ್ಲ, ಒಂದು ಹಡಗೂ ತಪ್ಪಲಿಲ್ಲ.

ಹದಿಮೂರನೆಯ ಬೇಸಿಗೆ ಯೂಯ್ಸ್ಟ್ ದ್ವೀಪದ ಸರದಿ. ಅಲ್ಲಿಗೆ ಹಡಗು ಹೋಗುವುದು ಸಮುದ್ರ ಉಕ್ಕಿದಾಗ ಮಾತ್ರ. ನೀರಿಳಿದರೆ ಬರೀ ಕೆಸರು. ಹೊರಡುವ ಹೊತ್ತು ದಿನದಿನಕ್ಕೂ ಬೇರೆ. ಶುಕ್ರವಾರ ನಾವು ರೈಲಿನಿಂದ ನೋರ್ಡೈಖ್ ಬಂದರಿನಲ್ಲಿ ಸೈಕಲ್ ಇಳಿಸುವಾಗ ಯೂಯ್ಸ್ಟ್ ಹಡಗು ಆಗಲೇ ದೂರದಲ್ಲಿ ಬೆಂಕಿಪೊಟ್ಟಣದಷ್ಟಾಗಿತ್ತು. ತೊಮ್ಮಾ ವೇಳಾಪಟ್ಟಿಯಲ್ಲಿ ಶುಕ್ರವಾರದ ಬದಲು ಶನಿವಾರದ ಸಾಲನ್ನು ಓದಿದ್ದಳು. ಮುಂದಿನ ಹಡಗು ಮಾರನೇ ದಿನವೇ.

ಅವಳ ಮುಖ ಬಿಳಿಚಿತು. ಸೈಕಲ್ಲಿನ ಹಿಡಿ ಬಿಡದೆ, "ಈ ಕಣ್ಣೂ ಹೋಗ್ತಿದೆ ಅನ್ಸತ್ತೆ. ಇನ್ನು ಮುಂದೆ ನೀವೇ ನೋಡ್ಕೊಳ್ಳಿ" ಅಂದಳು.

ಅವಳನ್ನು ಕೆಣಕದೆ ಒಂದು ದಿನವೂ ಬಿಡದ ಹಬ್ಬೊ ಅವಳ ಜೇಬಿನಿಂದ ವೇಳಾಪಟ್ಟಿ ಎಳೆದುಕೊಂಡ. "ಕಣ್ಣಿಗೇನಾಗಿದೆ ಮಾರಾಯ್ತಿ? ಇದನ್ನ ನಿನ್ನ ಮನೇಲಿ ನಾನೂ ಓದಿದೆ, ಗೆಶೆನೂ ಓದಿದ್ಲು, ಇವನೂ ಓದಿದ. ಒಟ್ಟು ಏಳು ಒಳ್ಳೆ ಕಣ್ಣು! ನಾವೆಲ್ಲ ಸೇರಿ ದಡ್ಡರಾದ್ವಿ, ಅಷ್ಟೇ. ಒಬ್ಳೇ ಹೊಡ್ಕೋಬೇಡ ಆ ಬಿರುದನ್ನ."

ತೊಮ್ಮಾಗೆ ನಗು ಬಂತು, ಅಳುವೂ ಬಂತು. ಅಷ್ಟರಲ್ಲಿ ಗೆಶೆ ನೋರ್ಡರ್ನೈ ದ್ವೀಪಕ್ಕೆ ಟಿಕೆಟ್ ತಂದಾಗಿತ್ತು. ಆ ಹಡಗಿಗೆ ನೀರಿನ ಏರಿಳಿತದ ಹಂಗಿಲ್ಲ. "ಬಾಯ್ಮುಚ್ಕೊಂಡು ಹತ್ತಿ ಎಲ್ರೂ. ಯೂಯ್ಸ್ಟ್‌ನಲ್ಲಿ ನಾವು ಉಳಿಯೋ ಮನೆಯವಳಿಗೆ ಫೋನ್ ಮಾಡಿದೀನಿ, ನಾಳೆ ಬನ್ನಿ ಅಂದ್ಲು."

ಮೊದಲ ಒಂದು ಗಂಟೆ ತೊಮ್ಮಾ ಚಡಪಡಿಸಿದಳು. ಪ್ರತಿ ತಿರುವಿನಲ್ಲೂ, "ಈಗ ಎಲ್ಲಿಗೆ?"

"ಸೈಕಲ್ ಎತ್ಲಾಗೆ ಹೋಗತ್ತೋ ಅತ್ಲಾಗೆ," ಅನ್ನುತ್ತಿದ್ದ ಹಬ್ಬೊ.

ಗಾಳಿ ಬೆನ್ನಿಗಿತ್ತು. ದೀಪಸ್ತಂಭ ದಾಟಿ, ಮರಳದಿಬ್ಬಗಳ ನಡುವೆ ದಾರಿ ಮುಗಿಯುವವರೆಗೂ ತುಳಿದೆವು. ಹೆರಿಂಗ್ ಮೀನಿಟ್ಟ ಬನ್ನು ತಿಂದು ತೊಮ್ಮಾ ಮರಳ ಮೇಲೆ ಒರಗಿದವಳು ಗೊರಕೆ ಹೊಡೆಯತೊಡಗಿದಳು. ಅಷ್ಟು ವರ್ಷದಲ್ಲಿ ಅವಳು ಹಗಲು ನಿದ್ದೆ ಮಾಡಿದ್ದನ್ನು ನಾವು ನೋಡಿದ್ದು ಅದೇ ಮೊದಲು. ಎಬ್ಬಿಸಲು ಯಾರಿಗೂ ಮನಸ್ಸಾಗಲಿಲ್ಲ. ಹಿಂದಿರುಗುವಾಗ ಎದುರುಗಾಳಿಗೆ ಹಬ್ಬೊ ಏದುಸಿರು ಬಿಟ್ಟ. ತೊಮ್ಮಾ ಅವನನ್ನು ಹಿಂದಿಕ್ಕಿ, "ಏನಪ್ಪಾ, ಸೈಕಲ್ ನಿನ್ನ ಮಾತು ಕೇಳ್ತಿಲ್ವಾ?" ಎಂದು ಕೂಗಿದಳು.

ಮಾರನೇ ದಿನ ಯೂಯ್ಸ್ಟ್‌ಗೂ ಹೋದೆವು, ಹಡಗು ಬಿಡುವುದಕ್ಕೆ ಒಂದೂವರೆ ಗಂಟೆ ಮೊದಲೇ ಬಂದು ನಿಂತು.

ಈ ವರ್ಷ ಬೋರ್ಕುಮ್ ದ್ವೀಪ. ರೈಲು, ಹಡಗು, ಉಳಿಯುವ ಮನೆ ಎಲ್ಲವನ್ನೂ ತೊಮ್ಮಾ ಬರೆದಿಟ್ಟಿದ್ದಾಳೆ, ಎರಡನೆಯ ದಿನದ್ದೊಂದು ಬಿಟ್ಟು.

"ಇಲ್ಲಿ ಬರೆಯೋದು ಮರ್ತ್ಯಾ?" ಕೇಳಿದಳು ಗೆಶೆ.

"ಇಲ್ಲ. ಆ ದಿನ ನಿಮ್ದು."

ಮೂರು ವಾರವಾಯಿತು. ಆ ದಿನ ಏನು ಮಾಡುವುದೆಂದು ಗಂಡ ಹೆಂಡತಿ ಇನ್ನೂ ಜಗಳವಾಡುತ್ತಿದ್ದಾರೆ. ತೊಮ್ಮಾ ಚಹಾ ಬಗ್ಗಿಸುತ್ತಾ ಕೂತು ಕೇಳುತ್ತಾಳೆ.