ಒಂದು ಹಿಡಿ ಹುಗ್ಗಿ

ಎತ್ತು, ಎಮ್ಮೆ ತೇಗಿದರೆ ಭೂಮಿ ಬಿಸಿಯಾಗುತ್ತದೆ ಎಂದು ನಾನು ಸವದತ್ತಿಯ ಹೈಸ್ಕೂಲಿನಲ್ಲಿ ಪ್ರತಿ ವರ್ಷ ಪಾಠ ಮಾಡುತ್ತೇನೆ. ಮಕ್ಕಳು ಕಿಸಕ್ಕನೆ ನಗುತ್ತಾರೆ. ಹಿಂದಿನ ಬೆಂಚಿನಿಂದ ಯಾರಾದರೊಬ್ಬರು ತೇಗಿಯೂ ತೋರಿಸುತ್ತಾರೆ. ದನದ ಹೊಟ್ಟೆಯ ನಾಲ್ಕು ಕೋಣೆಗಳನ್ನು ನಾನು ಕಣ್ಣು ಮುಚ್ಚಿ ಬೋರ್ಡಿನ ಮೇಲೆ ಬರೆಯಬಲ್ಲೆ. ಅಂಥ ವಿಜ್ಞಾನದ ಮಾಸ್ತರ ಒಂದು ಎತ್ತಿನ ತೇಗಿಗಾಗಿ ದನದ ಮನೆಯಲ್ಲಿ ದಾರಿ ಕಾಯುತ್ತ ಕುಳಿತ ಕಥೆ ಇದು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ನಮ್ಮ ಊರು ಮುರಗೋಡದ ಹತ್ತಿರ. ಹೊಲಮನೆ ನೋಡಿಕೊಳ್ಳುವವರು ನನ್ನ ಅಣ್ಣ ಮತ್ತು ವೈನಿ, ಅಂದರೆ ಅಣ್ಣನ ಹೆಂಡತಿ. ಊರಿಗೆ ಟ್ರ್ಯಾಕ್ಟರ್ ಬಂದು ಎಷ್ಟೋ ಕಾಲವಾಯಿತು. ಆದರೆ ಬಿತ್ತನೆಗೆ ಅಣ್ಣನಿಗೆ ಕೂರಿಗೆಯೇ ಬೇಕು, ಕೂರಿಗೆಗೆ ಎತ್ತೇ ಬೇಕು. ಜೋಡಿಯಲ್ಲಿ ಎಡಕ್ಕೆ ಹೂಡುವ ಎತ್ತು ನಮ್ಮ ಮನೆಯಲ್ಲೇ ಹುಟ್ಟಿದ್ದು. ತಾಯಿ ಸತ್ತ ಆ ಕರುವಿಗೆ ವೈನಿಯೇ ಹಾಲು ಕುಡಿಸಿ ಬೆಳೆಸಿದ್ದರು.

ಕಾರಹುಣ್ಣಿಮೆಯ ಹಿಂದಿನ ದಿನ ನಮ್ಮಲ್ಲಿ ಹೊನ್ನುಗ್ಗಿ. ಎತ್ತುಗಳ ಮೈತೊಳೆದು, ಕೊಂಬಿಗೆ ಎಣ್ಣೆ ಹಚ್ಚಿ, ಹುಗ್ಗಿ ತಿನ್ನಿಸುತ್ತಾರೆ. ನಮ್ಮ ಮನೆಯಲ್ಲಿ ಅದು ಬೆಲ್ಲ ಹಾಕಿದ ಗೋಧಿ ಹುಗ್ಗಿ. ಹಬ್ಬ ಎತ್ತಿನದಾದರೂ ಎತ್ತಿಗೆ ಸಿಗುವುದು ಒಂದೇ ಹಿಡಿ. ಉಳಿದದ್ದೆಲ್ಲ ಮನೆಗೆ, ಓಣಿಗೆ. ವೈನಿ ಯಾರೊಂದಿಗೋ ಮಾತಾಡುತ್ತಲೇ ಪಾತ್ರೆಗೆ ಕೈಹಾಕಿ, ಕಣ್ಣೆತ್ತಿಯೂ ನೋಡದೆ ಒಂದು ಹಿಡಿ ತೆಗೆದು ಎತ್ತಿನ ಬಾಯಿಗಿಡುತ್ತಿದ್ದರು. ಅವರು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅದೇ ಹಿಡಿ.

ಆ ವರ್ಷ ನಾನು ಬಸ್ಸಿಳಿದು ಮನೆಗೆ ಬರುವಷ್ಟರಲ್ಲಿ ಸಂಜೆಯಾಗಿತ್ತು, ಪೂಜೆ ಮುಗಿದಿತ್ತು. ಅಣ್ಣ, ವೈನಿ ಪಕ್ಕದ ಮನೆಯಲ್ಲಿದ್ದರು. ಎತ್ತುಗಳ ಹತ್ತಿರ ಹೋದರೆ ಎಡಗಡೆಯದು ನನ್ನ ಅಂಗಿಯನ್ನೇ ನೆಕ್ಕತೊಡಗಿತು. ವರ್ಷವೆಲ್ಲ ದುಡಿಯುವ ಜೀವಕ್ಕೆ ಹಬ್ಬದ ದಿನ ಒಂದೇ ಹಿಡಿಯೇ, ಎಷ್ಟು ಜುಗ್ಗತನ ಅನ್ನಿಸಿತು. ಒಳಗೆ ಹೋಗಿ, ಓಣಿಗೆಲ್ಲ ಹಂಚಲು ಮಾಡಿದ ದೊಡ್ಡ ಹಂಡೆಯಿಂದ ಒಂದು ಬಕೆಟ್ ಹುಗ್ಗಿ ತುಂಬಿಕೊಂಡು ಬಂದೆ. ಬಲಗಡೆಯ ಎತ್ತು ಮೂಸಿ ನೋಡಿ ಮುಖ ತಿರುಗಿಸಿತು. ಅದಕ್ಕೆ ನನಗಿಂತ ಹೆಚ್ಚು ಬುದ್ಧಿಯಿತ್ತು. ಎಡಗಡೆಯದು ಬಕೆಟ್ಟಿನ ತಳ ನೆಕ್ಕಿತು.

ಮರುದಿನ ಮುಂಜಾನೆ ಅದು ಮೇವಿಗೆ ಹಾಕಿದ ಜೋಳದ ಕಣಿಕೆ ಮುಟ್ಟಲಿಲ್ಲ, ಮೆಲುಕೂ ಹಾಕಲಿಲ್ಲ. ಸಗಣಿ ತೆಳ್ಳಗೆ, ಹುಳಿ ಹುಳಿ ವಾಸನೆ. ಪಶುವೈದ್ಯರು ಬೈಕಿನಲ್ಲಿ ಬಂದು ಅದರ ಎಡ ಪಕ್ಕೆಗೆ ಮುಷ್ಟಿ ಒತ್ತಿ ನಿಂತರು.

"ಹೊಟ್ಟಿ ಅಳ್ಳಾಡವಲ್ದು. ಏನ್ ತಿಂದೇತ್ರಿ?"

"ಹೊನ್ನುಗ್ಗಿ ಹುಗ್ಗಿರಿ, ಒಂದ ಹಿಡಿ," ಎಂದರು ವೈನಿ.

"ಅದು ಹಿಡೀನೋ ಬುಟ್ಟೀನೋ?" ಅಣ್ಣ ರೇಗಿದ. "ಮುದ್ದ ಮಾಡಿ ಮಾಡಿ ಕೊಂದ ಇಡತಿ ನೋಡ."

ವೈನಿ ತಮ್ಮ ಅಂಗೈ ನೋಡಿಕೊಂಡರು. "ಮಾತಾಡಕೋಂತ ತಿನಿಸಿದ್ನಿ. ಹೆಚ್ಚಾತೇನೋ," ಎಂದರು.

ನಾನು ಬಾಗಿಲಲ್ಲೇ ನಿಂತಿದ್ದೆ. ಹೊಟ್ಟೆಯ ನಾಲ್ಕು ಕೋಣೆಗಳ ಪಾಠ ಹೇಳುವ ಮಾಸ್ತರ ಮನೆಯ ಎತ್ತಿಗೆ ಬಕೆಟ್ಟುಗಟ್ಟಲೆ ಹುಗ್ಗಿ ತಿನ್ನಿಸಿದ ಎಂದು ಊರೆಲ್ಲ ಆಡಿಕೊಳ್ಳುತ್ತದೆ ಎಂದು ಹೆದರಿದೆ. ಹೆದರಿ ಸುಮ್ಮನಾದೆ. ಒಂದು ಹಿಡಿಗೆ ಅಂಜುವ ಕಾರಣವಿಲ್ಲ ಎಂದು ಡಾಕ್ಟರು ಇಂಜೆಕ್ಷನ್ ಕೊಟ್ಟು, ಪುಡಿ ಬರೆದು ಮುನವಳ್ಳಿ ಕಡೆಗೆ ಹೊರಟುಹೋದರು.

ಮಧ್ಯಾಹ್ನದ ಹೊತ್ತಿಗೆ ಎತ್ತು ನೆಲಕ್ಕೆ ಬಿತ್ತು. ಎಬ್ಬಿಸಿದರೆ ಏಳಲಿಲ್ಲ. ಕಣ್ಣುಗಳು ಒಳಗೆ ಹೋಗಿದ್ದವು. ವೈನಿ ಬೆಳಗಿನಿಂದ ಚಹಾ ಕೂಡ ಕುಡಿಯದೆ ಅದರ ತಲೆಯ ಹತ್ತಿರ ಕುಳಿತಿದ್ದರು. ನನ್ನ ಕಡೆ ನೋಡಿ, "ಇಷ್ಟ ವರ್ಷ ತಿನಿಸಿದ ಕೈರಿ ಇದು. ಈ ಸಲ ಹೆಂಗ ತಪ್ಪಿತು?" ಎಂದರು.

ಇನ್ನು ತಡೆಯಲಾಗಲಿಲ್ಲ. ಅಲ್ಲೇ, ಅಣ್ಣನ ಎದುರಿಗೇ ಡಾಕ್ಟರಿಗೆ ಫೋನ್ ಮಾಡಿದೆ.

"ಡಾಕ್ಟ್ರ, ಹಿಡಿ ಅಲ್ರಿ. ಒಂದ ಬಕೀಟ ಹುಗ್ಗಿ ತಿಂದೇತಿ. ನಾನ ತಿನಿಸೇನಿ."

"ಮುಂಜಾನೆನ ಹೇಳಬಾರ್ದೇನ್ರಿ ಸರ?" ಎಂದರು ಅವರು. "ತಡೀರಿ, ಬಂದೆ."

ಅಣ್ಣ ನನ್ನನ್ನು ಒಮ್ಮೆ ನೋಡಿ ಬಿಸಿನೀರು ಕಾಯಿಸಲು ಹೋದ. ಬೈದಿದ್ದರೆ ಹಗುರಾಗುತ್ತಿತ್ತು.

ಡಾಕ್ಟರು ಬಾಯಿಯ ಮೂಲಕ ಹೊಟ್ಟೆಗೆ ಪೈಪು ಇಳಿಸಿ, ಉಗುರುಬೆಚ್ಚಗಿನ ನೀರು ಹಾಕಿ ಹಾಕಿ ತೊಳೆದರು. ಹುಳಿ ನಾರುವ ಗೋಧಿ ಹೊರಬಿತ್ತು. ಅಡುಗೆ ಸೋಡಾ ಕಲಸಿ ಕುಡಿಸಿ, ಬಾಟಲಿ ತೂಗುಹಾಕಿ ಸಲೈನ್ ಹಚ್ಚಿದರು. ಆಮೇಲೆ ಕೈ ತೊಳೆಯುತ್ತ, "ಹೊಟ್ಟ್ಯಾಗಿನ ಮಂದಿ ಸತ್ತಾರ್ರಿ, ಊರ ಖಾಲಿ ಆಗೇತಿ. ಇವತ್ತ ತಡಕೊಂಡ್ರ ನಾಳೆ ಆರಾಮಿದ್ದ ದನದ ಮೆಲಕ ತಗದ ಕುಡಸ್ರಿ," ಎಂದರು.

ಆ ಮಂದಿಯ ಬಗ್ಗೆ ನಾನು ಬಲ್ಲೆ. ಎತ್ತಿಗೆ ತಾನಾಗಿ ಹುಲ್ಲು ಅರಗಿಸುವ ಶಕ್ತಿಯಿಲ್ಲ. ಕಣ್ಣಿಗೆ ಕಾಣದ ಜೀವಿಗಳು ಹೊಟ್ಟೆಯಲ್ಲಿ ಕುಳಿತು ಒಣ ಕಣಿಕೆಯನ್ನು ಒಡೆದು ಕೊಡುತ್ತವೆ. ಒಡೆಯುವಾಗ ಜಲಜನಕ ಹುಟ್ಟುತ್ತದೆ. ಅದು ಅಲ್ಲೇ ಕೂಡುತ್ತ ಹೋದರೆ ಒಡೆಯುವವರ ಕೆಲಸ ಕುಂಟುತ್ತದೆ. ಪಕ್ಕದಲ್ಲೇ ಇರುವ ಇನ್ನೊಂದು ಜಾತಿಯ ಜೀವಿಗಳು ಆ ಜಲಜನಕವನ್ನು ಎತ್ತಿಕೊಂಡು ಮಿಥೇನ್ ಮಾಡುತ್ತವೆ, ಎತ್ತು ಅದನ್ನು ತೇಗಿ ಹೊರಗೆ ಹಾಕುತ್ತದೆ. ಒಬ್ಬರ ಕಸ ಇನ್ನೊಬ್ಬರ ಊಟ. ಕೆಲವಂತೂ ತಮಗಿಂತ ದೊಡ್ಡ ಜೀವಿಯ ಮೈಯೊಳಗೇ ಬಿಡಾರ ಹೂಡಿರುತ್ತವೆ. ಗೋಧಿ, ಬೆಲ್ಲ ವಿಪರೀತ ಬಿದ್ದರೆ ಹೊಟ್ಟೆ ಹುಳಿಯಾಗಿ ಈ ಸಂಸಾರವೇ ಮುರಿಯುತ್ತದೆ. ಇದೆಲ್ಲ ಪರೀಕ್ಷೆಗೆ ಬರುವ ಪ್ರಶ್ನೆ ಎಂದಷ್ಟೇ ತಿಳಿದಿದ್ದೆನೇ ಹೊರತು, ಬಕೆಟ್ ಎತ್ತಿಕೊಂಡಾಗ ಒಂದಕ್ಷರ ನೆನಪಾಗಲಿಲ್ಲ.

ಮರುದಿನ ವೈನಿ ಬಲಗಡೆಯ ಎತ್ತಿನ ಮುಂದೆ ಕುಳಿತು ಅದರ ಕುತ್ತಿಗೆಯನ್ನೇ ನೋಡತೊಡಗಿದರು. ತವರಿನಲ್ಲಿ ಅವರ ತಂದೆ ಮಾಡುತ್ತಿದ್ದ ಕೆಲಸವಂತೆ. ಮೆಲುಕಿನ ಉಂಡೆ ಗಂಟಲಲ್ಲಿ ಮೇಲೇರುವುದು ಕಂಡಕೂಡಲೇ ನಾಲಗೆ ಹಿಡಿದು, ಉಂಡೆಯನ್ನು ಬಾಯಿಯಿಂದ ಕಿತ್ತುಕೊಂಡರು. "ಲಗೂ ಮಾಡ್ರಿ, ಗಾಳಿಗೆ ಸಾಯ್ತಾವ," ಎಂದರು. ಆ ಜೀವಿಗಳಿಗೆ ಗಾಳಿ ಆಗದು ಎಂದು ಅವರಿಗೆ ಯಾರೂ ಪಾಠ ಮಾಡಿರಲಿಲ್ಲ. ಬೆಚ್ಚನೆಯ ನೀರಲ್ಲಿ ಕಿವುಚಿ, ಬಿದಿರಿನ ಗೊಟ್ಟದಿಂದ ಕಾಯಿಲೆಯ ಎತ್ತಿಗೆ ಕುಡಿಸಿದೆವು. ನಾನು ದವಡೆ ಹಿಡಿದೆ. ದಿನಕ್ಕೆ ನಾಲ್ಕೈದು ಸಲ ಕಿತ್ತುಕೊಂಡರೂ ಬಲಗಡೆಯ ಎತ್ತು ಕೊಂಬು ಆಡಿಸಲಿಲ್ಲ.

ಇನ್ನೊಂದು ದಿನ ಕಳೆದ ಮೇಲೆ, ಬೆಳಿಗ್ಗೆ ನಾನು ಪಕ್ಕೆಗೆ ಕೈಯಿಟ್ಟು ಕುಳಿತಿದ್ದಾಗ ಒಳಗೆ ಏನೋ ಹೊರಳಿತು. ಎತ್ತು ಕುತ್ತಿಗೆ ಚಾಚಿ ನನ್ನ ಮುಖದ ಮೇಲೇ ಢರ್ ಎಂದು ತೇಗಿತು. ಮಿಥೇನಿಗೆ ವಾಸನೆಯಿಲ್ಲ ಎಂದು ಕಲಿಸಿದವನು ನಾನೇ. ಅವತ್ತು ಮೂಗಿಗೆ ಹೊಡೆದದ್ದು ಹಳಸಿದ ಹುಲ್ಲಿನ ವಾಸನೆ, ಅದಕ್ಕಿಂತ ಒಳ್ಳೆಯ ವಾಸನೆ ನಾನು ಕಂಡಿಲ್ಲ.

"ಭೂಮಿ ಬಿಸಿ ಆತೇನೋ ಮಾಸ್ತರ?" ಎಂದ ಅಣ್ಣ. ಮೂರು ದಿನಕ್ಕೆ ನನ್ನೊಡನೆ ಆಡಿದ ಮೊದಲ ಮಾತು. ನನಗೆ ಅಳು ಬಂತು.

ವೈನಿಯ ಹತ್ತಿರ ತಪ್ಪಾಯಿತು ಎಂದೆ. "ಎತ್ತ ಎದ್ದೇತಲ್ಲ, ಬಿಡ್ರಿ," ಎಂದು ಅವರು ಸಗಣಿ ಬಳಿಯಲು ಎದ್ದರು. ಮುಂದೆ ಹದಿನೈದು ದಿನಕ್ಕೆ ಅಣ್ಣ ಅದೇ ಜೋಡಿಯನ್ನು ಕೂರಿಗೆಗೆ ಹೂಡಿದ. ಎಲ್ಲ ಮುಗಿಯಿತು ಎಂದುಕೊಂಡೆ.

ಮರುವರ್ಷದ ಹೊನ್ನುಗ್ಗಿಗೆ ನಾನು ಬೇಗನೆ ಹೋಗಿದ್ದೆ. ವೈನಿ ಯಾರೊಂದಿಗೋ ಮಾತಾಡುತ್ತ ಪಾತ್ರೆಗೆ ಕೈಹಾಕಿ ಒಂದು ಹಿಡಿ ಹುಗ್ಗಿ ತೆಗೆದರು. ಎತ್ತು ನಾಲಗೆ ಚಾಚಿತು. ಅವರ ಮಾತು ನಡುವೆಯೇ ನಿಂತಿತು. ಮುಷ್ಟಿ ಬಿಚ್ಚಿ ಅಂಗೈಯನ್ನು ನೋಡಿಕೊಂಡು, ಅದರಲ್ಲೊಂದು ಚಿಟಿಕೆ ತೆಗೆದು ಪಾತ್ರೆಗೆ ವಾಪಸು ಹಾಕಿ, ಆಮೇಲೆ ಎತ್ತಿನ ಬಾಯಿಗಿಟ್ಟರು.