ಜಪಾನಿ ಗಿಟಾರಿನೊಡನೆ ರಾಮದುರ್ಗಕ್ಕೆ

ಕಿತ್ತೂರಿನಿಂದ ಬೈಲಹೊಂಗಲಕ್ಕೆ ಹೋಗುವ ಎಂಟು ಗಂಟೆಯ ಬಸ್ಸು ಅಂದು ಎಂಟೂ ಮುಕ್ಕಾಲಿಗೆ ಹೊರಟಿತು. ತೊಂಬತ್ತೆಂಟರ ಫೆಬ್ರವರಿ. ಹೊರಡುವಾಗ ಶಾಲು ಬೇಕೆನಿಸುವಷ್ಟು ಚಳಿಯಿತ್ತು. ಅರ್ಧ ದಾರಿಗೆ ಕಿಟಕಿಯ ಸರಳು ಬೆಚ್ಚಗಾಗಿತ್ತು. ಟಿಕೀಟು ಏಳು ರೂಪಾಯಿ. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯ ಕಡೆಗೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಎದುರಾದವು. ಒಂದು ಹೊರೆಯ ಮೇಲೆ, ಆ ಹೊತ್ತಿಗೆ ಶಾಲೆಯಲ್ಲಿರಬೇಕಾದ ಇಬ್ಬರು ಹುಡುಗಿಯರು ಕುಳಿತಿದ್ದರು. ಕಬ್ಬು ಕಡಿಯಲು ದೂರದಿಂದ ಬರುವ ಕುಟುಂಬಗಳ ಮಕ್ಕಳಿಗೆ ಹಂಗಾಮು ಮುಗಿಯುವವರೆಗೆ ಶಾಲೆಯೇ ಇಲ್ಲ. ಇದನ್ನು ಸಭೆಗಳಲ್ಲಿ ಹೇಳುತ್ತ ಬಂದಿದ್ದೇನೆ. ಇಲ್ಲಿಯೂ ಹೇಳದೆ ಮುಂದೆ ಹೋಗಲಾರೆ.

ನಾನು ಹೊರಟಿದ್ದು ಒಂದು ಗಿಟಾರಿನ ಸಲುವಾಗಿ, ಅಥವಾ ಅದನ್ನು ನುಡಿಸುವ ಕಸ್ತೂರಿ ಕಾಂಬಳೆಯ ಸಲುವಾಗಿ. ಸಾಕ್ಷರತಾ ಆಂದೋಲನದ ದಿನಗಳಲ್ಲಿ ಅವಳು ನಮ್ಮ ಕಲಾ ಜಾಥಾದೊಡನೆ ಹಳ್ಳಿಹಳ್ಳಿ ತಿರುಗಿದವಳು. ಶಾಲೆಯ ಶಿಕ್ಷಕಿಯರನ್ನು ಕರೆಯುವಂತೆ ನನ್ನನ್ನು ಅಂದಿನಿಂದಲೂ ‘ಅಕ್ಕೋರ’ ಎಂದೇ ಕರೆಯುತ್ತಾಳೆ. ನಾಲ್ಕು ವರ್ಷಗಳಿಂದ ಅವಳು ರಾಮದುರ್ಗದ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರು ನುಡಿಸುತ್ತಿದ್ದಳು. ಹಿಂದಿನ ತಿಂಗಳು ಸವದತ್ತಿಯ ಒಂದು ಮದುವೆಯಲ್ಲಿ, ಬೀಗರ ಪೈಕಿ ಗಿಟಾರು ಬಲ್ಲವರೊಬ್ಬರು ವೇದಿಕೆ ಹತ್ತಿ, ಗಿಟಾರಿನ ತಲೆಯ ಮೇಲಿದ್ದ ಅಮೆರಿಕದ ಪ್ರಸಿದ್ಧ ಕಂಪನಿಯ ಹೆಸರನ್ನು ನೋಡಿ, ಹಿಂಬದಿಗೆ ತಿರುಗಿಸಿ, ‘ಇದು ಡೂಪ್ಲಿಕೇಟ್, ಮಂದಿಗೆ ಮೋಸ’ ಎಂದು ನಕ್ಕಿದ್ದರು. ಆರ್ಕೆಸ್ಟ್ರಾದ ಮಾಲಕರು ಅಲ್ಲಿಯೇ ಮೈಕು ಹಿಡಿದು, ‘ಈಕೆ ನಮಗೂ ಮೋಸ ಮಾಡಿದ್ದಾಳೆ’ ಎಂದು ಸಾರಿ ಅವಳನ್ನು ಕೆಳಗಿಳಿಸಿದರು. ಮೈಕಿನ ಮಾತು ಬೇಗ ಹರಡುತ್ತದೆ. ಆ ಹಂಗಾಮಿಗೆ ಬೈಲಹೊಂಗಲದ, ಗೋಕಾಕದ ಯಾವ ತಂಡವೂ ಅವಳನ್ನು ಕರೆಯಲಿಲ್ಲ. ಮೈಕಿನಲ್ಲಿ ಹೋದ ಹೆಸರು ಮೈಕಿನಲ್ಲಿಯೇ ಮರಳಿ ಬರಬೇಕು. ಅದನ್ನು ಕೇಳಲು ನಾವಿಬ್ಬರೂ ರಾಮದುರ್ಗಕ್ಕೆ ಹೋಗುವುದೆಂದು ನಿಶ್ಚಯಿಸಿದ್ದೆವು.

ಬೈಲಹೊಂಗಲದಲ್ಲಿ ಕಸ್ತೂರಿಯ ಮನೆ ನಿಲ್ದಾಣದಿಂದ ನಡಿಗೆಯ ದೂರ. ಮುಂದಿನ ಕೋಣೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಗೋಡೆಗೆ ಒರಗಿಸಿದ ಎಲೆಕ್ಟ್ರಿಕ್ ಗಿಟಾರು. ಅವಳ ತಾಯಿ ಕಟಕ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿಯ ಮೇಲೆ ಗಟ್ಟಿ ಮೊಸರು ಬಡಿಸಿದರು. ತಂದೆ ಯಲ್ಲಪ್ಪ ಬ್ಯಾಂಡ್ ಕಂಪನಿಯಲ್ಲಿ ಕ್ಲಾರಿನೆಟ್ ಊದಿದವರು. ಈಗ ಹಲ್ಲು ಬಿದ್ದು ಊದುವುದು ನಿಂತಿದೆ. ಊಟವಾದ ಮೇಲೆ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ನನಗೆ ಅದರ ಕಥೆ ಹೇಳಿದರು. ನಡುವೆ ಜೇನುಬಣ್ಣ, ಅಂಚಿಗೆ ಹೋದಂತೆ ಕಪ್ಪು, ಮೇಲೆ ಎರಡು ಕೊಂಬು.

“ಇದನ್ನ ನನಗ ಮಾರಿದ ಗೋವಾದಾಂವ ಹಡಗದ ಮ್ಯಾಲೆ ಬಾರಸ್ತಿದ್ದ್ರಿ. ಜಪಾನದ ಬಂದರಿನ್ಯಾಗ ಅಮೆರಿಕಾದ ಗಿಟಾರ್ ತಗೋಬೇಕಂತ ಅಂಗಡಿಗೆ ಹೋಗ್ಯಾನ. ಎರಡೂ ಬಾರಿಸಿ ನೋಡಿ ಜಪಾನದ್ದ ತಗೊಂಡ ಬಂದಾನ.”

“ರೊಕ್ಕ ಕಡಿಮೆ ಅಂತ ಇರಬೇಕಲ್ಲ?” ಎಂದೆ.

“ರೊಕ್ಕಾನೂ ಕಡಿಮಿ ಅನ್ರಿ. ಆದ್ರ ಅಂವ ಏನಂದ ಗೊತ್ತೇನ್ರಿ? ಅಮೆರಿಕಾದಾಂವ ಆಗ ಅವಸರದಾಗಿದ್ದ, ಜಪಾನದಾಂವ ಸಮಾಧಾನದಾಗಿದ್ದ ಅಂದ.”

“ಅಪ್ಪಾ, ಪ್ರತಿ ಸಲ ಹೇಳೂಮುಂದ ಒಂದೊಂದು ಮಾತು ಕೂಡಸ್ತಿ ನೀ,” ಎಂದು ಕಸ್ತೂರಿ ಒಳಗಿನಿಂದ ಕೂಗಿದಳು.

“ಕೂಡಸಲಿಲ್ಲಾಂದ್ರ ಕತಿ ಹ್ಯಾಂಗ ಆಕ್ಕೈತಿ ಹುಚ್ಚಿ?”

ಯಲ್ಲಪ್ಪನವರ ಮಾತು ಉತ್ಪ್ರೇಕ್ಷೆಯೇನಲ್ಲ. ಬೆಳಗಾವಿ, ಗೋವಾಗಳ ವಾದಕರನ್ನು ನಾನು ವಿಚಾರಿಸಿದಾಗಲೂ ಇದೇ ಮಾತು ಬಂದಿತ್ತು. ಎಪ್ಪತ್ತರ ದಶಕದಲ್ಲಿ ಅಮೆರಿಕದ ದೊಡ್ಡ ಕಾರ್ಖಾನೆಗಳು ತಯಾರಿಕೆಯ ಖರ್ಚು ಇಳಿಸುವುದರಲ್ಲಿ ತೊಡಗಿದ್ದಾಗ, ಜಪಾನಿನ ಕೆಲಸಗಾರರು ಅವರ ಹಳೆಯ ಒಳ್ಳೆಯ ಗಿಟಾರುಗಳನ್ನು ಬಿಚ್ಚಿ, ಅಳೆದು, ಹಾಗೆಯೇ ಮಾಡತೊಡಗಿದರು. ಅಮೆರಿಕದವರು ತಕರಾರು ತೆಗೆದ ಮೇಲೆ ಜಪಾನಿನವರು ಗಿಟಾರಿನ ತಲೆಯ ಆಕಾರವನ್ನು ಬದಲಿಸಿದರಂತೆ. ಆ ವರ್ಷಗಳ ಜಪಾನಿ ಗಿಟಾರನ್ನು ಈಗ ಬಲ್ಲವರು ಹುಡುಕಿಕೊಂಡು ಕೊಳ್ಳುತ್ತಾರೆ. ಮತ್ತೊಬ್ಬರ ಆಕಾರವನ್ನು ಕೇಳದೆ ಎತ್ತಿಕೊಳ್ಳುವುದು ತಪ್ಪೇ, ಇಲ್ಲವೆನ್ನಲಾರೆ. ಆದರೆ ಈ ಗಿಟಾರು ತನ್ನ ಹುಟ್ಟನ್ನು ಮುಚ್ಚಿಟ್ಟಿರಲಿಲ್ಲ. ಅದರ ತಲೆಯ ಮೇಲೆ ಚಿನ್ನದ ಬಣ್ಣದ ಸಣ್ಣ ಅಕ್ಷರಗಳಲ್ಲಿ ಜಪಾನಿ ಕಂಪನಿಯ ಹೆಸರೇ ಇತ್ತು. ಕಸ್ತೂರಿ ಆರ್ಕೆಸ್ಟ್ರಾ ಸೇರಿದ ವರ್ಷ ಮಾಲಕರು ‘ಸರ್ವಿಸಿಂಗ್ ಮಾಡಸ್ತೇನಿ’ ಎಂದು ಒಯ್ದು, ನಾಲ್ಕು ದಿನದ ಮೇಲೆ ಮರಳಿಸಿದಾಗ ಅಲ್ಲಿ ಅಮೆರಿಕದ ಹೆಸರಿತ್ತು. ಹೊಸದಾಗಿ ಕೆಲಸ ಸಿಕ್ಕಿದವಳು ಸುಮ್ಮನಾದಳು. ಆ ಹೆಸರನ್ನು ಬರೆದವರು ಸವದತ್ತಿಯ ಪೇಂಟರ್ ಮೌನೇಶ ಎಂಬುದಷ್ಟೇ ಅವಳಿಗೆ ತಿಳಿದಿತ್ತು.

ಮರುದಿನ ಮುಂಜಾನೆ ಸವದತ್ತಿಯ ಬಸ್ಸು. ಕಂಡಕ್ಟರು ಗಿಟಾರಿನ ಚೀಲವನ್ನು ಕಾಲಿನಿಂದ ಕೊಂಚ ಸರಿಸಿ, “ಏನ್ ತಂಗಿ, ತಮ್ಮನ ಚೀಲದಾಗ ಹಾಕ್ಕೊಂಡ್ ಹೊಂಟಿಯೇನು?” ಎಂದ.

“ಗಿಟಾರ್ರಿ.”

“ಹಂಗಾರ ಬಾರಸು. ಇಲ್ಲಾಂದ್ರ ಲಗೇಜ್ ತಿಕೀಟ ತಗಸು.”

“ಬಾರಸ್ತೇನಿ, ಬಸ್ಸಿಗೆ ಕರೆಂಟ್ ಹಾಕಸ್ರಿ,” ಎಂದಳು ಕಸ್ತೂರಿ. ಹಿಂದಿನ ಸೀಟಿನವರೆಲ್ಲ ನಕ್ಕರು. ಲಗೇಜ್ ಟಿಕೀಟು ತಪ್ಪಲಿಲ್ಲ: ಇಬ್ಬರಿಗೂ ಹನ್ನೊಂದು ಹನ್ನೊಂದು, ಗಿಟಾರಿಗೆ ಐದು. ರಸ್ತೆಯ ಎರಡೂ ಕಡೆ ಕರಿ ಹೊಲ, ಬಿಳಿಜೋಳದ ತೆನೆ ತುಂಬಿ ನಿಂತಿತ್ತು. ಕಡಲೆ ಕೀಳುವ ಹೆಂಗಸರು ಬಿಸಿಲಿಗೆ ಸೆರಗು ಹೊದ್ದಿದ್ದರು. ಅವರ ಕೂಲಿ ಗಂಡಸರ ಕೂಲಿಗಿಂತ ಕಡಿಮೆ ಎಂಬುದನ್ನು ಈ ಸೀಮೆಯಲ್ಲಿ ಯಾರೂ ಅನ್ಯಾಯವೆಂದು ಎಣಿಸುವುದಿಲ್ಲ.

ನಡುವೆ ಒಂದು ಹಳ್ಳಿಯಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಕಸ್ತೂರಿ ಏಳಲಿಲ್ಲ.

“ನನಗ ಬ್ಯಾಡ್ರಿ ಅಕ್ಕೋರ. ನೀವ ಕುಡದು ಬರ್ರಿ.”

“ಯಾಕ? ಮನೆಯಲ್ಲಿಯೂ ಕುಡಿಯಲಿಲ್ಲ ನೀನು.”

“ಈ ಹೊಟೆಲ್ಲಿನವರಿಗೆ ಅಪ್ಪನ ಗುರುತು ಐತಿ.”

ಇಳಿದು ನೋಡಿದೆ. ಹೊಟೇಲಿನ ಹೊರಗೆ, ಕಂಬದ ಬುಡದಲ್ಲಿ, ಮೂರು ಗ್ಲಾಸುಗಳನ್ನು ಬೇರೆಯಾಗಿ ಬೋರಲು ಹಾಕಿದ್ದರು. ಅವು ಯಾರಿಗೆಂದು ಮಾಲೀಕನನ್ನು ಕೇಳಿದೆ. ಅವನು ಸಿಟ್ಟಾಗಲಿಲ್ಲ, “ನಮ್ಮಪ್ಪನ ಕಾಲದಿಂದ ಹಂಗ ಅದಾವ್ರಿ, ಯಾರೂ ಕೇಳಿಲ್ಲ,” ಎಂದ. ಕೇಳುವವಳು ಈಗ ಬಂದಿದ್ದೇನೆಂದೂ, ಜಾತಿ ನೋಡಿ ಗ್ಲಾಸು ಬೇರೆಯಿಡುವುದು ಕಾನೂನಿನ ಪ್ರಕಾರ ಅಪರಾಧವೆಂದೂ ಹೇಳಿದೆ. ಅವನು ಗ್ಲಾಸುಗಳನ್ನು ಎತ್ತಿ ಒಳಗೆ ಇಟ್ಟ. ನಾವು ಹೋದ ಮೇಲೆ ಅವು ಮತ್ತೆ ಹೊರಗೆ ಬಂದವೋ ಇಲ್ಲವೋ ಹೇಳಲಾರೆ. ನಾನೂ ಚಹಾ ಕುಡಿಯದೆ ಬಸ್ಸು ಹತ್ತಿದೆ.

ಸವದತ್ತಿಯಲ್ಲಿ ದೇವಿಯ ಗುಡ್ಡಕ್ಕೆ ಹೋಗುವ ಚಕ್ಕಡಿಗಳು ರಸ್ತೆ ತುಂಬಿದ್ದವು. ಎತ್ತುಗಳ ಹಣೆಯಿಂದ ಅಂಗಡಿಯ ತಕ್ಕಡಿಯವರೆಗೆ ಎಲ್ಲದರ ಮೇಲೂ ಭಂಡಾರವೆಂಬ ಅರಿಶಿನಪುಡಿಯ ಹಳದಿ. ಬರುವ ಬಡವರ ಭಕ್ತಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರಾಗಿ ಬಿಡುವ ಪದ್ಧತಿ ಕಾನೂನು ಬಂದ ಮೇಲೂ ಕದ್ದುಮುಚ್ಚಿ ನಡೆಯುತ್ತಿದೆ ಎಂಬುದನ್ನು ಆ ಹಳದಿಯ ನಡುವೆ ನಿಂತು ಮರೆಯುವುದು ಸಾಧ್ಯವಿಲ್ಲ.

ಪೇಂಟರ್ ಮೌನೇಶರ ಅಂಗಡಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿತ್ತು. ಟ್ರ್ಯಾಕ್ಟರಿನ ನಂಬರ್ ಪ್ಲೇಟು ಬರೆಯುತ್ತಿದ್ದವರು ಗಿಟಾರನ್ನು ನೋಡಿದ ಕೂಡಲೇ ಗುರುತಿಸಿದರು.

“ಏ, ಇದು ನನ್ನ ಕೈಯಾಂದು! ಆರ್ಕೆಸ್ಟ್ರಾದ ಸಾವ್ಕಾರ ಕ್ಯಾಲೆಂಡರಿನ ಚಿತ್ರ ತಂದಿದ್ರು, ಅದನ್ನ ನೋಡಿ ಬರದೇನಿ. ನೋಡ್ರಿ ಅಕ್ಕೋರ, ಒಂದ್ ಚೂರರ ಕೈ ನಡಗೇತೇನು?”

“ನಿಮ್ಮ ಕೈ ನಡಗಲಿಲ್ಲಣ್ಣಾ, ನನ್ನ ಕೈಯಾಗಿನ ಕೆಲಸ ಹೋತು,” ಎಂದು ಕಸ್ತೂರಿ ಮದುವೆಯಲ್ಲಾದುದನ್ನು ಹೇಳಿದಳು.

ಮೌನೇಶರ ಮುಖ ಇಳಿಯಿತು. ಕುಂಚವನ್ನು ಡಬ್ಬಿಯಲ್ಲಿಟ್ಟು ಕೈ ಒರೆಸಿಕೊಂಡರು. “ಹಳೇ ಹೆಸರು ಕೆರದ ಹಾಕೀರೇನು?” ಎಂದು ನಾನು ಕೇಳಿದೆ. ನನ್ನ ಭಯವೆಲ್ಲ ಅದೇ ಆಗಿತ್ತು. ಕೆರೆದಿದ್ದರೆ ಗಿಟಾರು ತನ್ನ ಹುಟ್ಟನ್ನು ತಾನು ಹೇಳುವ ಮಾರ್ಗವೇ ಉಳಿಯುತ್ತಿರಲಿಲ್ಲ.

“ನಾ ಯಾವ ಬೋರ್ಡನೂ ಕೆರ್ಯಾಂಗಿಲ್ರಿ. ಅಂಗಡಿ ಬಾಡಿಗಿದಾರ್ರು ಬದಲಾಗ್ತಾರ, ವರ್ಷದ ಮ್ಯಾಲೆ ಹಳಬ ತಿರುಗಿ ಬರ್ತಾನ. ಅದಕ್ಕ ಹಳೇ ಹೆಸರಿನ ಮ್ಯಾಲೆ ಅರಗಿನ ಪಾಲಿಶ್ ಒಂದು ಕೈ ಹೊಡದು, ಅದರ ಮ್ಯಾಲೆ ಹೊಸಾದು ಬರೀತೇನಿ. ಸ್ಪಿರಿಟ್ ಹಚ್ಚಿ ತಿಕ್ಕಿದ್ರ ಪಾಲಿಶ್ ಬಿಡತೈತಿ, ಮ್ಯಾಲಿಂದು ಉದುರತೈತಿ, ಹಳೇದು ಹಂಗ ಇರತೈತಿ.” ಸಣ್ಣ ಬಾಟಲಿಯಲ್ಲಿ ಸ್ಪಿರಿಟ್ ತುಂಬಿ, ಅರಳೆಯೊಡನೆ ಕಸ್ತೂರಿಯ ಕೈಗೆ ಕೊಟ್ಟರು. ಅಲ್ಲಿಯೇ ತಿಕ್ಕಲು ನಾನು ಅವಸರಪಡಿಸಿದೆ. ಕಸ್ತೂರಿ ಒಪ್ಪಲಿಲ್ಲ: “ಇಲ್ಲೆ ತಿಕ್ಕಿದ್ರ, ಈಕಿನ ಬರಕೊಂಡ ಬಂದಾಳ ಅಂತಾರ. ಅವರ ಮುಂದ ತಿಕ್ಕತೇನ್ರಿ.”

ನಾವು ಓಣಿಯ ತಿರುವಿನಲ್ಲಿದ್ದಾಗ ಮೌನೇಶ ಹಿಂದೆ ಬಂದರು. “ತಂಗಿ, ಇನ್ನೊಂದ ಮಾತು. ಆರ್ಕೆಸ್ಟ್ರಾದ ಟೆಂಪೋದ ಮ್ಯಾಲೆ ಕಲಾವಿದರ ಹೆಸರು ನಾನ ಬರದೇನಿ. ಮೊದಲ ನಿಂದು ಪೂರ್ತಿ ಹೆಸರು ಬರದಿದ್ದೆ. ಮರುದಿನ ಸಾವ್ಕಾರ ಬಂದು ‘ಕುಮಾರಿ ಕವಿತಾ’ ಅಂತ ಬದಲ ಮಾಡಸಿದ್ರು. ಅಲ್ಲಿನೂ ನನ್ನ ಪದ್ಧತಿ ಬಿಟ್ಟಿಲ್ಲ.”

ತನ್ನನ್ನು ನಾಲ್ಕು ವರ್ಷ ವೇದಿಕೆಯಿಂದ ಕವಿತಾ ಎಂದು ಕರೆದದ್ದು ಕಸ್ತೂರಿಗೆ ಗೊತ್ತಿತ್ತು. ಸ್ವಂತ ಹೆಸರು ಒಂದು ದಿನದ ಮಟ್ಟಿಗಾದರೂ ಆ ಟೆಂಪೋದ ಮೇಲಿತ್ತೆಂಬುದು ಗೊತ್ತಿರಲಿಲ್ಲ. ರಾಮದುರ್ಗದ ಬಸ್ಸಿನಲ್ಲಿ ಬಾಟಲಿಯನ್ನು ಮುಷ್ಟಿಯಲ್ಲಿ ಹಿಡಿದೇ ಕುಳಿತಿದ್ದಳು. ನಾನು ಕೊಡಿಸಿದ ಮಿರ್ಚಿ ಭಜಿ ಕಾಗದದಲ್ಲಿಯೇ ಆರಿತು.

ರಾಮದುರ್ಗ ಮುಟ್ಟಿದಾಗ ಮಧ್ಯಾಹ್ನ ಎರಡು. ಮಾಲಕ ಬಸಲಿಂಗಪ್ಪನವರದು ನೂಲಿನ ವ್ಯಾಪಾರ. ಮನೆಯ ಕೆಳಗೆ ಮಗ್ಗಗಳು, ಮೇಲಿನ ಕೋಣೆಯಲ್ಲಿ ಆರ್ಕೆಸ್ಟ್ರಾದ ತಾಲೀಮು. ಪಕ್ಕದ ಖಾಲಿ ಜಾಗದಲ್ಲಿ ಟೆಂಪೋ ಗೋಡೆಗೆ ಹತ್ತಿಕೊಂಡಂತೆ ನಿಂತಿತ್ತು. ಕಲಾವಿದರ ಹೆಸರುಗಳಿದ್ದ ಬದಿ ಗೋಡೆಯ ಕಡೆಗೆ. ಆ ಸಂಜೆ ಊರಲ್ಲಿಯೇ ಒಂದು ಮದುವೆಯ ಕಾರ್ಯಕ್ರಮವಿದ್ದುದರಿಂದ ತಂಡದ ಏಳೆಂಟು ಜನ ಸೇರಿದ್ದರು. ಬಸಲಿಂಗಪ್ಪ ನಮ್ಮನ್ನು ನೋಡಿ ಗಲಿಬಿಲಿಗೊಂಡರೂ, “ಬರ್ರಿ ಅಕ್ಕೋರ, ಕುಂದರ್ರಿ. ನೀರು ತರ್ರಲೇ,” ಎಂದರು.

ನಾನು ಬಸ್ಸಿನಲ್ಲಿ ಸಿದ್ಧಪಡಿಸಿಕೊಂಡ ಮಾತುಗಳನ್ನು ತೆಗೆಯುವ ಮೊದಲೇ ಕಸ್ತೂರಿ ಗಿಟಾರನ್ನು ಚಾಪೆಯ ಮೇಲೆ ಮಲಗಿಸಿ ಅರಳೆಗೆ ಸ್ಪಿರಿಟ್ ಹನಿಸಿದಳು. ಎಲ್ಲರೂ ಬಾಗಿ ನೋಡಿದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅಮೆರಿಕದ ಹೆಸರಿನ ಬಾಲ ಸುಲಿಯಿತು, ಹೊಟ್ಟೆ ಸುಲಿಯಿತು. ಕೆಳಗೆ ಚಿನ್ನದ ಬಣ್ಣದ ಸಣ್ಣ ಅಕ್ಷರಗಳು ಒಂದೂ ಕೆಡದೆ ಇದ್ದವು.

“ಇದು ನನ್ನ ಗಿಟಾರಿನ ಹೆಸರು. ಮ್ಯಾಲಿಂದು ಯಾರು ಬರಸಿದ್ರು ಅಂತ ನೀವ ಹೇಳ್ರಿ ಸಾವ್ಕಾರ್ರ.”

ಡೋಲಕಿನವನು ಕೆಮ್ಮಿದ. ಬಸಲಿಂಗಪ್ಪ ಟೊಪ್ಪಿಗೆ ತೆಗೆದು ಮೊಳಕಾಲ ಮೇಲಿಟ್ಟುಕೊಂಡರು.

“ನಾನ ಬರಸೇನಿ. ಮದುವಿ ಮನಿಯವರು ಹಾಡು ಕೇಳೂಕಿಂತ ಮೊದಲ ಬೋರ್ಡ್ ಓದತಾರ. ಆವತ್ತ ಆ ಮನಷ್ಯಾ ಮಂದ್ಯಾಗ ನಕ್ಕ, ನನ್ನ ಮರ್ಯಾದಿ ಉಳಸ್ಕೋಬೇಕಂತ ಬಾಯಿಗೆ ಬಂದದ್ದು ಅಂದೆ. ತಪ್ಪಾತು. ಸಂಜಿಗೆ ನೀನ ಬಾರಸು. ಮೈಕಿನ್ಯಾಗ ನಾನ ಹೇಳತೇನಿ, ಗಿಟಾರ್ ಜಪಾನದ್ದು, ತಪ್ಪು ನಂದು ಅಂತ.”

ಬಂದ ಕೆಲಸ ಆಯಿತೆಂದು ನಾನು ಉಸಿರು ಬಿಟ್ಟೆ. ಕಸ್ತೂರಿ ಬಾಟಲಿಯ ಮುಚ್ಚಳ ಹಾಕಲಿಲ್ಲ.

“ಬಾರಸಾಕಿ ಯಾರಂತ ಹೇಳ್ತೀರಿ?”

“ಕವಿತಾ ಅಂತ… ಎಲ್ಲಾರಿಗೂ ರೂಢಿ ಆಗೇತಲ್ಲವಾ.”

“ಕಾಂಬಳೆ ಅಂದ್ರ ಏನಾಕ್ಕೈತ್ರಿ?”

ಬಸಲಿಂಗಪ್ಪ ಟೊಪ್ಪಿಗೆಯನ್ನು ಮೊಳಕಾಲ ಮೇಲೆ ತಿರುಗಿಸಿದರು. “ಊಟದ ಪಂಕ್ತ್ಯಾಗ ಜಾತಿ ಕೇಳ್ತಾರ, ತಂಗಿ. ನಿನಗ ಹೊರಗ ಎಲಿ ಹಾಕ್ತಾರ. ಅದು ನನಗ ನೋಡಾಕ ಆಗಾಂಗಿಲ್ಲ.”

ಅವರ ಸಂಕಟ ಸುಳ್ಳಾಗಿರಲಿಲ್ಲ. ಆದರೆ ಒಬ್ಬರ ಪಂಕ್ತಿಯ ಅನ್ಯಾಯಕ್ಕೆ ಇನ್ನೊಬ್ಬಳ ಹೆಸರನ್ನು ಮುಚ್ಚುವುದು ಪರಿಹಾರವಲ್ಲ ಎಂದು ನಾನು ಹೇಳತೊಡಗಿದೆ. ಕೇಳಿಸಿಕೊಳ್ಳಲು ಕಸ್ತೂರಿ ಅಲ್ಲಿರಲಿಲ್ಲ, ಮೆಟ್ಟಿಲಿಳಿದು ಹೋಗಿದ್ದಳು. ನಾವೆಲ್ಲ ಹಿಂದೆ ಹೋದೆವು. ಟೆಂಪೋ ಮತ್ತು ಗೋಡೆಯ ನಡುವಿನ ಇಕ್ಕಟ್ಟಿನಲ್ಲಿ ಓರೆಯಾಗಿ ನಿಂತು ಅವಳು ಅರಳೆಯಿಂದ ತಿಕ್ಕುತ್ತಿದ್ದಳು. ‘ಕುಮಾರಿ ಕವಿತಾ’ ಚಕ್ಕೆಚಕ್ಕೆಯಾಗಿ ಅವಳ ಚಪ್ಪಲಿಯ ಮೇಲೆ ಉದುರುತ್ತಿತ್ತು. ಕೆಳಗೆ ಮೌನೇಶರ ನಡುಗದ ಕೈಯ ಕೆಂಪು ಅಕ್ಷರಗಳು: ಕಸ್ತೂರಿ ಯಲ್ಲಪ್ಪ ಕಾಂಬಳೆ, ಗಿಟಾರ್.

“ಪಂಕ್ತ್ಯಾಗ ಕೇಳಿದ್ರ ನಾ ಉತ್ತರ ಕೊಡತೇನ್ರಿ,” ಎಂದಳು. “ನೀವು ನನ್ನ ಮಗ್ಗಲಿಗೆ ಕುಂದರ್ರಿ, ಸಾಕು.”

ಬಸಲಿಂಗಪ್ಪ ಆ ಹೆಸರನ್ನು ನೋಡುತ್ತ ನಿಂತರು. ಆಮೇಲೆ ಡ್ರೈವರನನ್ನು ಕರೆದು, “ಟೆಂಪೋ ತಿರುವಲೇ,” ಎಂದರು.

ಆ ಬದಿಯನ್ನು ಮರೆಮಾಡಲು ಎಲ್ಲಿಗೋ ಒಯ್ಯುತ್ತಾರೆಂದು ನಾನು ತಿಳಿದೆ. ಪ್ರತಿಭಟಿಸಲು ಬಾಯಿಯನ್ನೂ ತೆರೆದಿದ್ದೆ. ಟೆಂಪೋ ಹಿಂದಕ್ಕೆ ಸರಿದು, ಖಾಲಿ ಜಾಗದಲ್ಲಿ ಒಂದು ಸುತ್ತು ಹಾಕಿ, ಬಂದು ಅದೇ ಜಾಗದಲ್ಲಿ ನಿಂತಿತು. ಈಗ ಹೆಸರುಗಳಿದ್ದ ಬದಿ ರಸ್ತೆಯ ಕಡೆಗಿತ್ತು.

ನಾನು ಐದರ ಬಸ್ಸಿಗೆ ಒಬ್ಬಳೇ ಮರಳಿದೆ. ಕಸ್ತೂರಿ ಉಳಿದಳು. ಬಸ್ಸು ಆ ಮನೆಯ ಮುಂದೆಯೇ ಹಾಯುವಾಗ ಮೇಲಿನ ಕೋಣೆಯಿಂದ ಗಿಟಾರಿನ ತಂತಿ ಬಿಗಿಯುವ ಸ್ವರ ಕೇಳಿತು. ಕೆಳಗೆ, ಸಂಜೆಯ ಬಿಸಿಲಿನಲ್ಲಿ, ನೂಲಿನ ಹೊರೆ ಹೊತ್ತ ಇಬ್ಬರು ನೇಕಾರರು ಟೆಂಪೋದ ಮುಂದೆ ನಿಂತು ಹೆಸರುಗಳನ್ನು ಮೇಲಿನಿಂದ ಕೆಳಗೆ ಓದುತ್ತಿದ್ದರು.