ಅಕ್ಕನಿಗೊಂದು ಹಾಡಿನ ಆ್ಯಪ್

ಅಕ್ಕನಿಗೆ ಲಕ್ವ ಹೊಡೆದದ್ದು ಬೆಳಿಗ್ಗೆ, ರೊಟ್ಟಿ ಬಡಿಯುತ್ತಿದ್ದಾಗ. ಭಾವ ಅವಳನ್ನು ಹರಿಹರದಿಂದ ದಾವಣಗೆರೆಗೆ ಕರೆತಂದು ಆಸ್ಪತ್ರೆಗೆ ಸೇರಿಸಿದರು. ನನ್ನ ಮನೆ ಕೆ.ಬಿ. ಬಡಾವಣೆಯಲ್ಲಿ. ಕಾಲೇಜಿನ ಆಫೀಸು ಮುಗಿಸಿಕೊಂಡು ದಿನಾ ಸಂಜೆ ಹೋಗಿ ಅವಳ ಪಕ್ಕ ಕೂರುತ್ತಿದ್ದೆ. ಮನೆಗೆ ಕಳಿಸುವ ಹೊತ್ತಿಗೆ ಕಾಲಿಗೆ ಸ್ವಲ್ಪ ಬಲ ಬಂದಿತ್ತು, ಯಾರಾದರೂ ಹಿಡಿದುಕೊಂಡರೆ ಬಚ್ಚಲಿನವರೆಗೆ ನಡೆಯುತ್ತಿದ್ದಳು. ಬಲಗೈ ಬರಲಿಲ್ಲ. ಮಾತೂ ಬರಲಿಲ್ಲ. ನಾವು ಹೇಳಿದ್ದು ಅವಳಿಗೆ ತಿಳಿಯುತ್ತದೋ ಇಲ್ಲವೋ ಅನ್ನುವುದೂ ಗೊತ್ತಾಗುತ್ತಿರಲಿಲ್ಲ. ಮಾತಾಡುವವರ ಬಾಯನ್ನೇ ನೋಡುತ್ತ ಮಲಗಿರುತ್ತಿದ್ದಳು.

ಅಕ್ಕ ಹಾಡುವವಳು. ಯಾರಲ್ಲೂ ಕಲಿತದ್ದಲ್ಲ, ನಮ್ಮವ್ವನ ಜೊತೆ ಮಠದ ಪ್ರವಚನಕ್ಕೆ ಹೋಗಿ ಹೋಗಿ ಬಂದದ್ದು. ಅವಳ ಓಣಿಯಲ್ಲಿ ತೊಟ್ಟಿಲ ಕಾರ್ಯವಿರಲಿ, ಸತ್ತವರ ಮನೆಯ ಭಜನೆ ಇರಲಿ, ಮೊದಲು ಅವಳನ್ನೇ ಕರೆಯುತ್ತಿದ್ದರು. ಸೆರಗು ಹೊದ್ದು, ಕಣ್ಣು ಮುಚ್ಚಿ ವಚನ ಎತ್ತಿಕೊಂಡಳೆಂದರೆ ಮಕ್ಕಳೂ ಸುಮ್ಮನಾಗುತ್ತಿದ್ದವು. ಅವಳು ಹಾಡಿದ್ದನ್ನು ಯಾರೂ ಫೋನಿನಲ್ಲಿ ಹಿಡಿದಿಟ್ಟುಕೊಳ್ಳಲಿಲ್ಲ. ಕೇಳಬೇಕೆಂದರೆ ಅವಳೇ ಇದ್ದಳಲ್ಲ.

ಆಸ್ಪತ್ರೆಯಲ್ಲಿ ಮಾತಿನ ಚಿಕಿತ್ಸೆ ಕೊಡುವ ಹುಡುಗಿಯೊಬ್ಬಳಿದ್ದಳು. ಅಕ್ಕ ಹಾಡುತ್ತಿದ್ದಳು ಎಂದು ಕೇಳಿದ್ದೇ ಅವಳ ಮುಖ ಅರಳಿತು.

"ಮಾತು ಹೋದವರಿಗೂ ಕೆಲವು ಸಲ ಹಾಡು ಉಳಿದಿರುತ್ತೆ ಮೇಡಂ," ಅಂದಳು. "ಅವರಿಗೆ ಚೆನ್ನಾಗಿ ಗೊತ್ತಿರೋ ಹಾಡು ಹಾಕಿ. ಒಂದೇ ಹಾಡನ್ನ ಮತ್ತೆ ಮತ್ತೆ ಹಾಕಿ, ಜೊತೆಗೆ ನೀವೂ ಹಾಡಿ. ಹಾಡಿನ ದಾರಿಯಲ್ಲಿ ಒಂದೆರಡು ಮಾತು ಬಂದರೂ ಬರಬಹುದು."

ಬಂದರೂ ಬರಬಹುದು ಅನ್ನುವುದನ್ನು ನಾನು ಬಂದೇ ಬರುತ್ತೆ ಅಂತಲೇ ಕೇಳಿಸಿಕೊಂಡೆ.

ಹಾಡಿನ ಆ್ಯಪ್ ಹುಡುಕುವ ಕೆಲಸ ಶುರುವಾದದ್ದು ಹೀಗೆ. ಅಲ್ಲಿಯವರೆಗೆ ನನ್ನ ಫೋನಿನಲ್ಲಿ ಅಂಥದ್ದೇನೂ ಇರಲಿಲ್ಲ. ಆಫೀಸಿನಲ್ಲಿ ನನ್ನ ಎದುರು ಟೇಬಲ್ಲಿನ ಸಹೋದ್ಯೋಗಿಯನ್ನು ಕೇಳಿದರೆ, "ಯಾವುದಾದ್ರೇನ್ರಿ, ಎಲ್ಲದ್ರಾಗೂ ಕೋಟಿಗಟ್ಟಲೆ ಹಾಡು ಅದಾವೆ," ಅಂದಳು. ನನಗೆ ಬೇಕಾದದ್ದು ಕೋಟಿಯಲ್ಲ. ಅಕ್ಕನಿಗೆ ಗೊತ್ತಿರುವ ಧಾಟಿಯಲ್ಲಿ, ಒಂದು ತಂಬೂರಿಯೋ ಹಾರ್ಮೋನಿಯಮ್ಮೋ ಬಿಟ್ಟರೆ ಬೇರೆ ಗದ್ದಲವಿಲ್ಲದೆ, ನಿಧಾನವಾಗಿ ಹಾಡಿದ ನಾಲ್ಕಾರು ವಚನ ಸಾಕಿತ್ತು.

ಮೊದಲು ಭಾವನ ಫೋನಿಗೆ ದುಡ್ಡಿಲ್ಲದ ಒಂದು ಆ್ಯಪ್ ಹಾಕಿಕೊಟ್ಟೆ. ಭಾವ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಫೋನು ಅವರಿಗೆ ಮಾತಾಡುವುದಕ್ಕಷ್ಟೇ ಗೊತ್ತು. ಯಾವ ಗುಂಡಿ ಒತ್ತಬೇಕು ಅಂತ ತೋರಿಸಿಕೊಟ್ಟೆ. ಅದರಲ್ಲಿ ಅಕ್ಕ ಹಾಡುತ್ತಿದ್ದ ವಚನವೇ ಸಿಕ್ಕಿತು, ಧಾಟಿಯೂ ಹತ್ತಿರದ್ದೇ. ಅಕ್ಕ ಕೇಳುತ್ತ ಕಣ್ಣು ಮುಚ್ಚಿದಳು. ನಾನು ಭಾವನ ಕಡೆ ನೋಡಿದೆ, ಅವರು ನನ್ನ ಕಡೆ ನೋಡಿದರು. ವಚನ ಮುಗಿಯುತ್ತಲೇ ಬಟ್ಟೆ ಸೋಪಿನ ಪುಡಿಯ ಜಾಹೀರಾತು ಅಬ್ಬರಿಸಿತು. "ಹಾಕಿ ನೋಡಿ, ಹಾಕಿ ನೋಡಿ, ಬೆಳ್ಳಂಬೆಳಕು" ಅಂತ ಚಪ್ಪಾಳೆ ಹಾಕಿಕೊಂಡು ಹೆಂಗಸರ ಗುಂಪೊಂದು ಹಾಡಿತು. ಅಕ್ಕ ಬೆಚ್ಚಿಬಿದ್ದು ಎಡಗೈಯಲ್ಲಿ ಚಾದರ ಹಿಡಿದುಕೊಂಡಳು. ಕಣ್ಣಲ್ಲಿ ನೀರು ಬಂತು.

"ಇದನ್ನ ತಗಿಯಾಕ ಬರಲ್ಲೇನವ್ವ?" ಅಂದರು ಭಾವ.

"ಬೇರೆ ನೋಡ್ತೀನಿ ತಡೀರಿ. ಅಲ್ಲಿತನಕ ಇದೇ ಇರಲಿ," ಅಂದೆ.

ಬೇರೆಯದು ಹುಡುಕುವುದು ನಾನು ಅಂದುಕೊಂಡಷ್ಟು ಸಲೀಸಾಗಲಿಲ್ಲ. ಒಂದರಲ್ಲಿ ಜಾಹೀರಾತಿರಲಿಲ್ಲ, ಆದರೆ ವಚನ ಅಂತ ಹುಡುಕಿದರೆ ಡ್ರಮ್ಮು, ಗಿಟಾರು ಸೇರಿಸಿದ ಹೊಸ ಹಾಡುಗಳೇ ಬರುತ್ತಿದ್ದವು. ಇನ್ನೊಂದರಲ್ಲಿ ಹಳೆಯ ಗಾಯಕರೆಲ್ಲ ಇದ್ದರು. ಆದರೆ ಅಕ್ಕ ಮಲಗುವ ನಡುಮನೆಯಲ್ಲಿ ನನ್ನ ಫೋನಿಗೆ ನೆಟ್‌ವರ್ಕ್ ಸರಿಯಾಗಿ ಸಿಗದೆ ಹಾಡು ಅರ್ಧಕ್ಕೇ ನಿಂತು, ಬಾಯಿ ತೆರೆಯಲು ಹೊರಟಂತಿದ್ದ ಅಕ್ಕ ಹಾಗೇ ಸುಮ್ಮನಾದಳು. ಮತ್ತೊಂದರಲ್ಲಿ ಒಂದೇ ಹಾಡನ್ನು ತಿರುಗಿ ತಿರುಗಿ ಹಾಕುವ ಅವಕಾಶವೇ ಕಾಣಲಿಲ್ಲ, ಅದು ತನಗೆ ತೋಚಿದ್ದನ್ನು ಹಾಡುತ್ತಿತ್ತು. ಕೊನೆಗೆ ದುಡ್ಡು ಕಟ್ಟುವ ಆ್ಯಪ್ ಒಂದು ಸಿಕ್ಕಿತು. ಹಾಡನ್ನು ಫೋನಿಗೆ ಇಳಿಸಿಟ್ಟುಕೊಂಡರೆ ನೆಟ್ ಬೇಕಿಲ್ಲ, ಜಾಹೀರಾತಿಲ್ಲ, ಒಂದೇ ಹಾಡು ಎಷ್ಟು ಸಲ ಬೇಕಾದರೂ ಕೇಳಬಹುದು. ಇಷ್ಟು ಸರಿಹೋಗುವಂಥದ್ದು ಸಿಕ್ಕಿದ್ದೇ ನನಗೆ ಅರ್ಧ ಕಾಯಿಲೆ ವಾಸಿಯಾದಂತೆ ಅನ್ನಿಸಿತು. ಆ ಭಾನುವಾರ ಹರಿಹರದ ಬಸ್ಸಿನಲ್ಲಿ ಕೂತು ಹಾಡುಗಳನ್ನು ಒಂದೊಂದಾಗಿ ಇಳಿಸಿಕೊಳ್ಳುತ್ತ ಹೋದೆ.

ಅಕ್ಕನನ್ನು ದಿಂಬಿಗೆ ಒರಗಿಸಿ ಕೂರಿಸಿ ಹಾಡು ಹಾಕಿದೆ. ಜೊತೆಗೆ ನಾನೂ ಹಾಡಿದೆ. ನನ್ನದು ಕೆಟ್ಟ ಗಂಟಲು. ಅಕ್ಕ ಕೇಳಿದಳು. ವಚನ ಮುಗಿದು ಮತ್ತೆ ಅದೇ ಶುರುವಾಗುವ ನಡುವೆ ಅವಳು ಚಡಪಡಿಸಿದಳು. ಫೋನನ್ನೇ ದಿಟ್ಟಿಸಿ ನೋಡಿದಳು. ಎಡಗೈ ಹಾಸಿಗೆಯ ಮೇಲೆ ತಟ್ಟತೊಡಗಿತು. ನಾನು ಹಾಡು ನಿಲ್ಲಿಸಿದೆ. ಆಗ ಅವಳ ಬಾಯಿಂದ ಬಂತು, ಸ್ಪಷ್ಟವಾಗಿ, ಶ್ರುತಿ ತಪ್ಪದೆ:

"ಹಾಕಿ ನೋಡಿ, ಹಾಕಿ ನೋಡಿ."

ಅಡುಗೆಮನೆಯಲ್ಲಿದ್ದ ಭಾವ ಓಡಿ ಬಂದರು. "ಮಾತಾಡಿದ್ಲಾ? ಏನಂದ್ಲು?"

ಅಷ್ಟರಲ್ಲಿ ಅಕ್ಕನೇ ಇನ್ನೊಮ್ಮೆ ಹಾಡಿದಳು. ಭಾವನ ಮುಖದಲ್ಲಿ ಬಂದ ನಗು ಹಾಗೇ ನಿಂತಿತು. ಆಮೇಲೆ ಅವರು ಮಂಚದ ಅಂಚಿಗೆ ಕೂತು ಅವಳ ಕೈ ಹಿಡಿದುಕೊಂಡರು. "ಇರಲಿ ಬಿಡು. ಏನೋ ಒಂದು ಬಂತಲ್ಲ," ಅಂದರು.

ಆಸ್ಪತ್ರೆಗೆ ಕರೆತಂದಾಗ ಇದನ್ನು ಕೇಳಿ ಚಿಕಿತ್ಸೆಯ ಹುಡುಗಿಗೆ ಖುಷಿಯಾಯಿತು. ಅದೇ ಧಾಟಿಗೆ "ನೀರು ಬೇಕು, ನೀರು ಬೇಕು" ಅಂತ ಕೂರಿಸಿ ಹೇಳಿಕೊಟ್ಟಳು. ಅಕ್ಕನ ಎಡಗೈಯನ್ನು ತಟ್ಟುತ್ತ, ಅವಳ ಮುಖದ ಹತ್ತಿರ ಮುಖ ತಂದು ಬಹಳ ಹೊತ್ತು ಹಾಡಿದಳು. ಅಕ್ಕ ಅವಳ ಬಾಯಿ ನೋಡಿ ನೋಡಿ, "ಹಾಕಿ ನೋಡಿ" ಅಂದಳು. ಎಷ್ಟು ವಾರ ಕರೆದುಕೊಂಡು ಬಂದರೂ ಅಷ್ಟೇ. ನೀರಿಗೂ ಹಾಕಿ ನೋಡಿ, ನೋವಿಗೂ ಹಾಕಿ ನೋಡಿ. ಸಿಟ್ಟು ಬಂದು ತಟ್ಟೆ ತಳ್ಳುವಾಗಲೂ ಅದನ್ನೇ ಹಾಡುತ್ತಿದ್ದಳು, ಸಿಟ್ಟು ಕಣ್ಣಲ್ಲಿರುತ್ತಿತ್ತು, ಧಾಟಿ ಮಾತ್ರ ಅದೇ ಚಪ್ಪಾಳೆಯ ಧಾಟಿ. ತಾನು ಅಂದದ್ದು ತನಗೆ ಬೇಕಾದದ್ದಲ್ಲ ಅಂತ ಅವಳಿಗೆ ಗೊತ್ತಾಗುತ್ತಿತ್ತು ಅಂತ ನನ್ನ ಅನುಮಾನ. ಅಂದ ಮೇಲೆ ತುಟಿ ಬಿಗಿಹಿಡಿದು ಗೋಡೆ ಕಡೆ ತಿರುಗುತ್ತಿದ್ದಳು.

ಓಣಿಯ ಹೆಂಗಸರು ನೋಡಲು ಬರುತ್ತಿದ್ದರು. ಅಕ್ಕನಿಂದ ವಚನ ಹೇಳಿಸಿಕೊಂಡು ಕಲಿತವಳೊಬ್ಬಳು ಒಂದಿನ ಬಂದು, "ಹೆಂಗದೀರಿ ಅಕ್ಕಾರೆ?" ಅಂದಳು. ಅಕ್ಕ ಅವಳನ್ನು ಗುರುತಿಸಿ, ಎಡಗೈ ಚಾಚಿ ಸೋಪಿನ ಪುಡಿಯ ಹಾಡು ಹಾಡಿದಳು. ಪಾಪ, ಅವಳಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದವಳು ಅಲ್ಲಿ ನಿಂತು ಅತ್ತಳು. ಆಮೇಲೆ ಅವಳು ಬರಲಿಲ್ಲ.

ನಾನು ಆರಿಸಿ ಭಾವನ ಫೋನಿಗೂ ಹಾಕಿಕೊಟ್ಟಿದ್ದ ಆ್ಯಪ್ ಅನ್ನು ಭಾವ ತೆಗೆಸಿದರು.

"ನಿಂದ್ರಾಗ ಜಾಹೀರಾತು ಬರಲ್ಲ. ಹಳೇದ್ರಾಗ ಬಂದ್ರೆ ಅದರ ಜೋಡಿ ತಾನೂ ಹಾಡ್ತಾಳೆ," ಅಂದರು. "ನಮಗ ಹಳೇದೇ ಇರಲಿ. ಒಳ್ಳೇದು ಬ್ಯಾಡ."

ಆಮೇಲೆ ಆ ಮನೆಯಲ್ಲಿ ವಚನ ಕೇಳುತ್ತಿದ್ದದ್ದು ಮುಗಿಯುವುದನ್ನು ಕಾಯಲಿಕ್ಕೆ. ಮುಗಿಯುತ್ತ ಬಂದಂತೆ ಅಕ್ಕ ಬೆನ್ನು ನೆಟ್ಟಗೆ ಮಾಡುತ್ತಿದ್ದಳು. ಸೋಪಿನ ಪುಡಿಯವರು ಬಂದರೆ ಅವರ ಜೊತೆ ಎಡಗೈಯನ್ನು ಹಾಸಿಗೆಗೆ ತಟ್ಟಿ ಹಾಡುತ್ತಿದ್ದಳು. ಬೇರೆ ಜಾಹೀರಾತು ಬಂದರೆ ಭಾವ ಇನ್ನೊಂದು ಹಾಡು ಹಾಕುತ್ತಿದ್ದರು. ಬರಬರುತ್ತ ಬೇರೆಯವೇ ಹೆಚ್ಚಾದವು. ಮಳೆಗಾಲ ಕಳೆಯುವ ಹೊತ್ತಿಗೆ ಸೋಪಿನ ಪುಡಿ ಪೂರ್ತಿ ನಿಂತುಹೋಯಿತು.

ನಾನು ಎಲ್ಲ ಕಡೆ ಹುಡುಕಿದೆ. ಹಾಡಾಗಿದ್ದರೆ ಹೆಸರು ಹಾಕಿ ಹುಡುಕಬಹುದು, ಜಾಹೀರಾತನ್ನು ಹುಡುಕುವುದು ಹೆಂಗೆ? ಪದ ಹಾಕಿ ನೋಡಿದೆ, ಸೋಪಿನ ಹೆಸರು ಹಾಕಿ ನೋಡಿದೆ. ಅದೇ ಕಂಪನಿಯ ಹೊಸ ಜಾಹೀರಾತು ಸಿಕ್ಕಿತು, ಅದರಲ್ಲಿ ಹಾಡಿರಲಿಲ್ಲ, ಒಬ್ಬ ಬರೀ ಮಾತಾಡುತ್ತಿದ್ದ. ಕೊನೆಗೆ ನಾನೇ ಅಕ್ಕನ ಎದುರು ಕೂತು, ಚಪ್ಪಾಳೆ ತಟ್ಟಿ ಹಾಡಿದೆ. ಅಕ್ಕ ನನ್ನನ್ನು ನೋಡಿದಳು. ತುಟಿ ಅಲ್ಲಾಡಲಿಲ್ಲ. ಇನ್ನೊಮ್ಮೆ ಹಾಡಿದೆ. ಅವಳು ಎಡಗೈ ಎತ್ತಿ ನನ್ನ ಎರಡೂ ಕೈಗಳನ್ನು ಒಟ್ಟಿಗೆ ಹಿಡಿದು ಕೆಳಗಿಟ್ಟಳು. ಸಾಕು ಅನ್ನುವ ಹಾಗೆ.

ಆಮೇಲೆ ಅವಳು ಏನನ್ನೂ ಹಾಡಲಿಲ್ಲ. ಆ ಎರಡು ಪದವೂ ಹೋದವು. ಚಿಕಿತ್ಸೆಯ ಹುಡುಗಿ ಒಂದಿನ ನನ್ನನ್ನು ಹೊರಗೆ ಕರೆದು, "ಇಷ್ಟು ದೂರ ಕರ್ಕೊಂಡು ಬಂದು ಅವರನ್ನ ದಣಿಸಬೇಡಿ ಮೇಡಂ," ಅಂದಳು. ಅವಳ ದನಿಯೂ ಇಳಿದಿತ್ತು. ಮುಂದಿನ ತಾರೀಖು ಯಾವುದೆಂದು ನಾನು ಕೇಳಲಿಲ್ಲ.

ಈಗಲೂ ಭಾನುವಾರ ಹರಿಹರಕ್ಕೆ ಹೋಗುತ್ತೇನೆ. ಫೋನು ಹತ್ತಿರ ತಂದರೆ ಅಕ್ಕ ಮುಖ ತಿರುಗಿಸುತ್ತಾಳೆ, ಹಾಗಾಗಿ ಬ್ಯಾಗಿನಿಂದ ತೆಗೆಯುವುದೇ ಇಲ್ಲ. ಅವಳ ತಲೆ ಬಾಚುತ್ತೇನೆ, ಉಗುರು ಕತ್ತರಿಸುತ್ತೇನೆ. ಭಾವ ಅನ್ನ ಕಲಸಿ ತುತ್ತು ಮಾಡಿ ಉಣ್ಣಿಸುತ್ತಾರೆ. ಹೋದ ವಾರ ನಾನು ಹೊರಟು ಚಪ್ಪಲಿ ಮೆಟ್ಟಿಕೊಳ್ಳುವಾಗ ಅವರು ಬಾಗಿಲಿಗೆ ಬಂದು ನಿಂತರು.

"ಪ್ರತಿ ವಾರ ಬರಬೇಕು ಅಂತೇನಿಲ್ಲವ್ವ. ನೀನೂ ದಣೀತೀಯ. ಆಕಿಗೇನು ಗೊತ್ತಾಗಂಗಿಲ್ಲ," ಅಂದರು.

"ಬರ್ತೀನ್ರಿ ಭಾವ," ಅಂದೆ.

ಅವರು ಒಳಗೆ ಹೋಗಿ ಅಕ್ಕ ಉಂಡ ತಟ್ಟೆ ತೊಳೆಯತೊಡಗಿದರು.